ಡಿಪಿಎಫ್ ದೀಪ ಹತ್ತಿದೆ, ನಾಕ್ಸ್ ಸೆನ್ಸರ್ ಸಿಗುತ್ತಿಲ್ಲ: ಪಿಕಪ್‌ಗೆ ಏನು ಮಾಡಿಸಬೇಕು?

ಪ್ರಶ್ನೆ, ಕಾರಟಗಿಯಿಂದ

ಒಂದೂವರೆ ಟನ್ನಿನ ಬಿಎಸ್6 ಡೀಸೆಲ್ ಪಿಕಪ್, 1.38 ಲಕ್ಷ ಕಿ.ಮೀ. ಓಡಿದೆ. ಯೂರಿಯಾ ಟ್ಯಾಂಕ್ ಇರುವ ಗಾಡಿ. ಅಕ್ಕಿ ಮಿಲ್ಲಿನ ಬಾಡಿಗೆ, ದಿನಕ್ಕೆ ಏಳೆಂಟು ಸಣ್ಣ ಟ್ರಿಪ್ಪು, ಲೋಡ್ ಆಗುವ ತನಕ ಎಂಜಿನ್ ಚಾಲೂ ಇರುತ್ತದೆ. ಈಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ, ಚೆಕ್ ಎಂಜಿನ್ ದೀಪ ಎರಡೂ ಹತ್ತಿವೆ, 40ರ ಮೇಲೆ ಏಳುತ್ತಿಲ್ಲ. ವರ್ಕ್‌ಶಾಪಿನಲ್ಲಿ ಡಿಪಿಎಫ್ ಮತ್ತು ನಾಕ್ಸ್ ಸೆನ್ಸರ್ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವುದು) ಎರಡನ್ನೂ ಬದಲಿಸಬೇಕು ಅಂದರು. ಸೆನ್ಸರ್ ಸ್ಟಾಕ್ ಇಲ್ಲ, ಯಾವಾಗ ಬರುತ್ತೋ ಹೇಳಕ್ಕಾಗಲ್ಲ ಅಂತೆ. ಡಿಪಿಎಫ್ ಒಳಗಿನದನ್ನು ತೆಗೆಸಿ ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಸು ಅನ್ನುವವರೂ ಇದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿರುಗುಪ್ಪ, ಡೀಸೆಲ್ ಮೆಕ್ಯಾನಿಕ್

ತುಂಬಿದ ಡಿಪಿಎಫ್ ಬೇರೆ, ಕೆಟ್ಟ ಡಿಪಿಎಫ್ ಬೇರೆ. ಎರಡಕ್ಕೂ ಹತ್ತೋದು ಅದೇ ದೀಪ. ಅದಕ್ಕೆ ಮೊದಲು ಸ್ಕ್ಯಾನರ್‌ನಾಗೆ ಕೋಡ್ (ದೋಷದ ನಂಬರ್) ಏನು ಬಂದೈತೆ ಅಂತ ಕೇಳಿ, ಅಳಿಸೋ ಮುಂಚೆ ಮೊಬೈಲಲ್ಲಿ ಫೋಟೊ ತಗೊಳ್ರಿ. ಪಿ2463 ಅಂದ್ರೆ ಮಸಿ ತುಂಬೈತೆ, ಅಷ್ಟೆ. ಪಿ2453 ಅಂದ್ರೆ ಒತ್ತಡ ಅಳೆಯೋ ಸೆನ್ಸರಿನ ಲೆಕ್ಕ ತಪ್ಪೈತೆ, ಫಿಲ್ಟರ್ ಚೆನ್ನಾಗೇ ಇರಬಹುದು. ಪಿ2002 ಬಂದ್ರೆ ಮಾತ್ರ ಫಿಲ್ಟರ್ ಒಳಗೆ ಒಡೆದಿರಬಹುದು ಅಂತ ಅನುಮಾನ ಪಡ್ರಿ. ಜೊತೆಗೆ ಪಿ0401 ಇದ್ರೆ ಇಜಿಆರ್ (ಹೊಗೆನ ಎಂಜಿನ್‌ಗೆ ವಾಪಸ್ ಬಿಡೋ ವಾಲ್ವ್) ತೊಂದ್ರೆ, ಪಿ0299 ಇದ್ರೆ ಟರ್ಬೊ ಗಾಳಿ ಕಡಿಮೆ. ಈ ಎರಡನ್ನ ಸರಿ ಮಾಡದೆ ಹೊಸ ಡಿಪಿಎಫ್ ಹಾಕಿದ್ರೆ ಅದೂ ತುಂಬ್ತದೆ, ಯಾಕಂದ್ರೆ ಹೊಗೆ ಹುಟ್ಟೋದು ಎಂಜಿನ್‌ನಾಗೆ, ಡಿಪಿಎಫ್‌ನಾಗಲ್ಲ.

ಒತ್ತಡದ ಸೆನ್ಸರ್ ನೋಡೋದು ಐದು ನಿಮಿಷದ ಕೆಲಸ. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ಸ್ಕ್ಯಾನರ್‌ನಾಗೆ ಡಿಫರೆನ್ಷಿಯಲ್ ಪ್ರೆಷರ್ (ಫಿಲ್ಟರಿನ ಮುಂದೆ, ಹಿಂದೆ ಒತ್ತಡದ ವ್ಯತ್ಯಾಸ) ಓದ್ರಿ. ಸೊನ್ನೆ ಇರಬೇಕು, ಹೆಚ್ಚಂದ್ರೆ ಒಂದೆರಡು ಮಿಲಿಬಾರ್ ಆಚೀಚೆ. ನಿಂತ ಎಂಜಿನ್‌ಗೆ 15, 20 ತೋರಿಸಿದ್ರೆ ಸೆನ್ಸರೇ ಸುಳ್ಳು ಹೇಳ್ತಾ ಐತೆ. ಆಮೇಲೆ ಚಾಲೂ ಮಾಡಿ ನಿಧಾನಕ್ಕೆ 2500 ಆರ್‌ಪಿಎಂ ತನಕ ಏರಿಸ್ರಿ. ಅಂಕಿ ಎಂಜಿನ್ ಜೊತೆ ಏರಬೇಕು, ಆಕ್ಸಿಲರೇಟರ್ ಬಿಟ್ಟ ಕೂಡ್ಲೆ ಇಳಿಬೇಕು. ಏರದಿದ್ರೆ ಕೊಳವೆ ಕಟ್ಟೈತೆ, ಇಲ್ಲಾ ಸೀಳೈತೆ. ಮೈನಸ್ ಬಂದ್ರೆ ಎರಡು ಕೊಳವೆ ಅದಲುಬದಲು ಆಗ್ಯಾವೆ.

ಆ ಕೊಳವೆನ ಕೈಯಾರೆ ಮುಟ್ಟಿ ನೋಡ್ರಿ. ಕಿರುಬೆರಳಿನಷ್ಟು ದಪ್ಪ ಇರ್ತಾವೆ, ಡಿಪಿಎಫ್‌ನ ಸಣ್ಣ ಕಬ್ಬಿಣದ ಪೈಪಿಂದ ಸೆನ್ಸರಿಗೆ ಹೋಗ್ತಾವೆ. ಕೆಳಗಿನ ತುದಿ ಬಿಸಿಗೆ ಬೆಂದು ಹಪ್ಪಳದಂಗೆ ಗಡಸಾಗಿರ್ತದೆ. ಬಗ್ಗಿಸಿದ್ರೆ ಕೂದಲೆಳೆ ಸೀಳು ಬಾಯಿ ಬಿಡ್ತದೆ, ಅದರ ಸುತ್ತ ಮಸಿಯ ಕರಿ ಗೆರೆ. ಇಷ್ಟರಿಂದಲೇ ಇಡೀ ಡಿಪಿಎಫ್ ಬದಲಿಸೋ ಎಸ್ಟಿಮೇಟ್ ಬರ್ತದೆ. ಕೊಳವೆನ ಸೆನ್ಸರಿಂದ ಬಿಚ್ಚಿಕೊಂಡು ಗಾಳಿ ಊದ್ರಿ. ಸೆನ್ಸರಿಗೆ ಕಂಪ್ರೆಸರ್ ಗಾಳಿ ಹಿಡಿಲೇಬೇಡ್ರಿ, ಒಳಗಿನ ಪೊರೆ ಹೋಗ್ತದೆ. ಬದಲಿಗೆ ಸಾದಾ ಪೆಟ್ರೋಲ್ ಪೈಪ್ ಬೇಡ, ಬಿಸಿ ತಡೆಯೋದೇ ಹಾಕ್ರಿ. ಸೆನ್ಸರ್ ಕಡೆಗೆ ಏರುಮುಖ ಇರಲಿ, ನಡುವೆ ಜೋತುಬಿದ್ರೆ ನೀರು ನಿಲ್ತದೆ.

ಫಿಲ್ಟರ್ ಒಡೆದೈತಾ ಅನ್ನೋಕೆ ಬಿಳಿ ಬಟ್ಟೆ ಸಾಕು. ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ತುದಿ ಒಳಗೆ ಒರೆಸಿ ನೋಡ್ರಿ. ಬಿಎಸ್6 ಗಾಡಿಯಲ್ಲಿ ಅಲ್ಲಿ ಮಸಿ ಇರಬಾರದು. ಕರ್‍ರಗೆ ಬಂದ್ರೆ ಒಳಗಿನ ಸೆರಾಮಿಕ್ ಬಿರುಕು ಬಿಟ್ಟೈತೆ, ತೊಳೆಸಿ ಉಪಯೋಗ ಇಲ್ಲ.

ಗಿಣಿಗೇರಾ, ಗಾಡಿಗಳ ಮೇಂಟೆನೆನ್ಸ್ ನೋಡುವವರು

ನಿಮ್ಮ ಬಾಡಿಗೆ ಇರೋದೇ ಡಿಪಿಎಫ್‌ಗೆ ಆಗದ ಥರ. ಮಸಿ ಸುಡಬೇಕಂದ್ರ ಫಿಲ್ಟರ್ ಒಳಗ ಸುಮಾರು 600 ಡಿಗ್ರಿ ಬೇಕು. ಅದಕ್ಕ ಇಸಿಯು (ಎಂಜಿನ್ ಕಂಪ್ಯೂಟರ್) ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಬಿಡ್ತೈತಿ. ಇದೇ ರೀಜನರೇಷನ್. 15-20 ನಿಮಿಷ ಬಿಡದ ಓಡಬೇಕು. ನೀವು ಹತ್ತು ನಿಮಿಷಕ್ಕ ಮಿಲ್ಲಿನ ಗೇಟಿಗೆ ಬಂದು ನಿಲ್ಲಿಸ್ತೀರಿ, ಸುಡೋದು ಅರ್ಧಕ್ಕ ನಿಲ್ತೈತಿ. ನಾಲ್ಕೈದು ಸಲ ಹಿಂಗಾದ್ರ ಮಸಿ ಮಿತಿ ದಾಟಿ ಗಾಡಿ ಶಕ್ತಿ ಕಟ್ ಮಾಡ್ತೈತಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದೈತಿ. ಸುಡದ ಉಳಿದ ಆ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರ್ತೈತಿ. ಡಿಪ್‌ಸ್ಟಿಕ್ ತೆಗೆದು ನೋಡ್ರಿ. ಆಯಿಲ್ ಕಡಿಮಿ ಆಗೋ ಬದಲು ಮ್ಯಾಕ್ಸ್ ಗೆರೆ ದಾಟಿ, ಮೂಗಿಗೆ ಹಿಡಿದಾಗ ಡೀಸೆಲ್ ವಾಸನಿ ಬಂದ್ರ ಆ ಗಾಡಿ ಓಡಿಸಬ್ಯಾಡ್ರಿ. ತೆಳುವಾದ ಆಯಿಲ್ ಟರ್ಬೊ ಮತ್ತು ಬೇರಿಂಗ್ ತಿಂತೈತಿ. ಡಿಪಿಎಫ್ ಖರ್ಚು ಒಂದಾದ್ರ ಎಂಜಿನ್ ಖರ್ಚು ಹತ್ತು.

ದೀಪ ಆರಿದ ಮ್ಯಾಲ ವಾರಕ್ಕ ಎರಡು ಸಲ ಲೋಡ್ ಇದ್ದಾಗ ಸಿಂಧನೂರು ರಸ್ತೆಗೆ 25-30 ನಿಮಿಷ ಒಂದೇ ಸಮ 60ರ ಆಸುಪಾಸು ಓಡಿಸ್ರಿ. ಒಂದು ಗೇರ್ ಕಡಿಮಿ, 2000ದಿಂದ 2500 ಆರ್‌ಪಿಎಂ. ಐಡಲ್ ಸ್ವಲ್ಪ ಏರಿ, ಫ್ಯಾನ್ ಜೋರಾಗಿ ತಿರುಗಿ, ಸುಟ್ಟ ಬಿಸಿ ವಾಸನಿ ಬಂದ್ರ ರೀಜನರೇಷನ್ ನಡೆದೈತಿ ಅಂತ ಅರ್ಥ. ಆಗ ಬಂದ್ ಮಾಡಬ್ಯಾಡ್ರಿ. ಭತ್ತದ ಹುಲ್ಲು, ಹತ್ತಿ ರಾಶಿ, ಖಾಲಿ ಚೀಲದ ಗುಡ್ಡಿ ಮ್ಯಾಲ ಗಾಡಿ ನಿಲ್ಲಿಸಲೂ ಬ್ಯಾಡ್ರಿ. ಆ ಹೊತ್ತಿನ್ಯಾಗ ಸೈಲೆನ್ಸರ್ ಬಿಸಿಗೆ ಒಣ ಹುಲ್ಲು ಹತ್ತಿಕೊಳ್ತೈತಿ.

ವರ್ಕ್‌ಶಾಪಿನ್ಯಾಗ ಫೋರ್ಸ್ಡ್ ರೀಜನರೇಷನ್ ಮಾಡಿಸುವಾಗ ಎಂಜಿನ್ ಪೂರ್ತಿ ಬಿಸಿ ಇರಬೇಕು, ಡೀಸೆಲ್ ಕಾಲು ಟ್ಯಾಂಕಿಗಿಂತ ಹೆಚ್ಚಿರಬೇಕು, ಆಯಿಲ್ ಮ್ಯಾಕ್ಸ್ ಒಳಗ ಇರಬೇಕು. ಮಸಿಯ ಲೆಕ್ಕ ಕಂಪನಿ ಹೇಳಿದ ಮಿತಿ ದಾಟಿದ್ರ ಒತ್ತಾಯದಿಂದ ಸುಡಬಾರದು. ಎಲ್ಲಾ ಮಸಿ ಒಮ್ಮೆಲೆ ಹತ್ತಿ ಒಳಗಿನ ಸೆರಾಮಿಕ್ ಕರಗ್ತೈತಿ. ಅಂಥಾದ್ದನ್ನ ಬಿಚ್ಚಿ ಕ್ಲೀನ್ ಮಾಡಿಸೋದೇ ಸರಿ.

ರೀಜನರೇಷನ್ ಪೂರ್ತಿ ಆಗಿ, ಸೆನ್ಸರ್ ಸರಿ ಇದ್ದೂ ಹೆಚ್ಚು ಆರ್‌ಪಿಎಂನ್ಯಾಗ ಒತ್ತಡ ಇಳಿಯದಿದ್ರ ಅದು ಬೂದಿ. ಮಸಿ ಸುಡ್ತೈತಿ, ಬೂದಿ ಸುಡಂಗಿಲ್ಲ. ಬೂದಿ ಬರೋದು ಆಯಿಲ್‌ನಿಂದ. ಬಿಎಸ್6ಕ್ಕ ಹಳೇ ಸಿಐ-4 ದರ್ಜೆಯ ಆಯಿಲ್ ಹಾಕ್ಕೋತ ಬಂದ್ರ ಬೇಗ ತುಂಬ್ತೈತಿ. ಸಿಕೆ-4 ಆಯಿಲ್‌ನ್ಯಾಗ ಸಲ್ಫೇಟೆಡ್ ಬೂದಿ ಶೇ. 1ರ ಮಿತಿ ಒಳಗ ಇರ್ತೈತಿ, ಎಸಿಇಎ ಸಿ3ದಾಗ ಶೇ. 0.8. ಪುಸ್ತಕದಾಗ ಯಾವುದು ಬರದಾರೋ ಅದನ್ನೇ ಹಾಕ್ರಿ. ಬೂದಿ ತೆಗೆಯೋದು ಬಿಸಿ ಒಲೆ ಮತ್ತು ಗಾಳಿಯ ಮಷಿನ್‌ನಿಂದ, ಮೊದಲು ಮತ್ತು ನಂತರ ತೂಕ ಹಾಕಿ ಚೀಟಿ ಕೊಡೋರ ಕಡೆ. ವಾಟರ್ ಸರ್ವಿಸ್ ಗನ್ ಹಿಡಿದು ತೊಳೆದ್ರ ಬೂದಿ ಗಾರೆಯಂಗ ಕೂತು ಗಟ್ಟಿ ಆಗ್ತೈತಿ.

ನಮ್ಮ ಕಡೆ ಅದಿರಿನ ಧೂಳು, ನಿಮ್ಮ ಕಡೆ ತೌಡಿನ ಧೂಳು. ಏರ್ ಫಿಲ್ಟರ್ ಪುಸ್ತಕದ ಕಿ.ಮೀ. ತನಕ ಕಾಯಬ್ಯಾಡ್ರಿ. ಇಂಟರ್‌ಕೂಲರ್ (ಟರ್ಬೊ ಗಾಳಿ ತಣ್ಣಗ ಮಾಡೋದು) ಹೋಸ್ ಜೋಡಣೆಗೆ ಸೋಪಿನ ನೀರು ಹಚ್ಚಿ ರೇಸ್ ಕೊಟ್ಟು ನೋಡ್ರಿ, ಗುಳ್ಳೆ ಬಂದ ಕಡೆ ಸೋರಿಕೆ.

ರಾಯಚೂರು, ಡಿಇಎಫ್ ಮತ್ತು ಆಯಿಲ್ ವ್ಯಾಪಾರಿ

ಯೂರಿಯಾ ವಿಷಯ ಯಾರೂ ಹೇಳಿಲ್ಲ, ಅದಕ್ಕ ಬರೀತೀನಿ. ಡಿಇಎಫ್ ಅಂದ್ರ ನಿಮ್ಮ ಯೂರಿಯಾ ಟ್ಯಾಂಕಿಗೆ ಹಾಕೋ ದ್ರಾವಣ: ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಭತ್ತದ ಸೀಮಿಯೊಳಗ ಎಲ್ಲರ ಮನ್ಯಾಗೂ ಗೊಬ್ಬರದ ಯೂರಿಯಾ ಇರ್ತದ. ಅದನ್ನ ಬೋರ್‌ವೆಲ್ ನೀರಿಗೆ ಕಲಸಿ ಹಾಕಬ್ಯಾಡ್ರಿ. ಅದಕ್ಕ ಬೇವಿನ ಎಣ್ಣಿ ಸವರಿರ್ತದ, ಬೈಯುರೆಟ್ ಅನ್ನೋ ಕಲ್ಮಶ ಇರ್ತದ. ನಮ್ಮ ನೀರಿನೊಳಗ ಕ್ಯಾಲ್ಸಿಯಂ. ಡೋಸಿಂಗ್ ಪಂಪಿನ ಫಿಲ್ಟರ್ ಕಟ್ಟತದ, ಎಸ್‌ಸಿಆರ್ ಕ್ಯಾಟಲಿಸ್ಟ್ (ಯೂರಿಯಾದಿಂದ ನಾಕ್ಸ್ ಕಡಿಮಿ ಮಾಡೋ ಭಾಗ) ಸಾಯ್ತದ. ಸಬ್ಸಿಡಿ ಗೊಬ್ಬರ ಗಾಡಿಗೆ ಬಳಸೋದು ಕಾನೂನಿಗೂ ವಿರುದ್ಧ.

ಒಳ್ಳೇ ಡಿಇಎಫ್ ಕೂಡ ನಮ್ಮ ಬಿಸಿಲಿಗೆ ಕೆಡ್ತದ. 25 ಡಿಗ್ರಿಯೊಳಗ ಇಟ್ಟರ 18 ತಿಂಗಳು ಬಾಳ್ತದ, 30ಕ್ಕ 12 ತಿಂಗಳು, 35ಕ್ಕ ಬರೀ 6 ತಿಂಗಳು. ತಗಡಿನ ಶೆಡ್ಡಿನೊಳಗ ಬ್ಯಾಸಿಗಿ ಪೂರ್ತಿ ಇಟ್ಟ ಕ್ಯಾನ್ ತಗೋಬ್ಯಾಡ್ರಿ. ತಯಾರಿ ತಾರೀಖು ಮತ್ತು ಐಎಸ್‌ಒ 22241 ನೋಡಿ ತಗೊಳ್ರಿ, ಒಡದ ಕ್ಯಾನ್ ಬ್ಯಾಡ. ಪಿ207ಎಫ್ ಕೋಡ್ ಬಂದ್ರ ಗುಣಮಟ್ಟದ ದೂರು. ಸೆನ್ಸರ್ ಬೈಯೋಕಿಂತ ಮೊದಲು ಟ್ಯಾಂಕ್ ಖಾಲಿ ಮಾಡಿ ಹೊಸದು ತುಂಬಿ ನೋಡ್ರಿ. ರಿಫ್ರ್ಯಾಕ್ಟೋಮೀಟರ್ (ದ್ರಾವಣದೊಳಗ ಯೂರಿಯಾ ಎಷ್ಟು ಅಂತ ತೋರಿಸೋ ಉಪಕರಣ) ಇದ್ದರ ಒಂದು ಹನಿ ಸಾಕು, 32.5 ತೋರಿಸಬೇಕು.

ಸಣ್ಣ ಟ್ರಿಪ್ಪಿಗೆ ಸೈಲೆನ್ಸರ್ ಬಿಸಿ ಆಗಲ್ಲ, ಸಿಂಪಡಿಸಿದ ಯೂರಿಯಾ ನಾಜಲ್ ಬಾಯಿಗೆ ಬಿಳಿ ಉಪ್ಪಿನಂಗ ಕಟ್ಟತದ. ನಾಜಲ್ ಬಿಚ್ಚಿ ಉಗುರುಬೆಚ್ಚಗಿನ ಶುದ್ಧ ನೀರಿನೊಳಗ ನೆನೆಸಿದರ ಕರಗತದ. ತಂತಿ ಹಾಕಿ ಕೆರೀಬಾರದು. ಮತ್ತೆ ಕೂಡಿಸುವಾಗ ಹೊಸ ಗ್ಯಾಸ್ಕೆಟ್.

ಬಳ್ಳಾರಿ, ಸ್ಪೇರ್ ಪಾರ್ಟ್ಸ್ ಕೌಂಟರ್

ನಾಕ್ಸ್ ಸೆನ್ಸರ್ ಅಂದರೆ ಸೆರಾಮಿಕ್ ತುದಿ, ವೈರು, ಜೊತೆಗೆ ಒಂದು ಸಣ್ಣ ಕಂಟ್ರೋಲ್ ಡಬ್ಬಿ, ಮೂರೂ ಸೇರಿ ಒಂದೇ ಪಾರ್ಟ್. ಡಬ್ಬಿಯೊಳಗಿನ ಪ್ರೋಗ್ರಾಂ ಗಾಡಿಗೆ ಹೊಂದಬೇಕು. ಅದಕ್ಕೇ ನೋಡಲು ಒಂದೇ ಥರ ಇದ್ದರೂ ಬೇರೆ ಗಾಡಿಯದು ಕೂಡಿಸಿದರೆ ಕೋಡ್ ಹೋಗಲ್ಲ. 2021-22ರ ಚಿಪ್ ಕೊರತೆಯಲ್ಲಿ ಇಂಥ ಪಾರ್ಟ್‌ಗಳು ಎಲ್ಲೆಡೆ ತಡವಾದವು. ಸಣ್ಣ ಊರಿನ ಕೌಂಟರ್‌ಗಳು ಇವತ್ತಿಗೂ ಸ್ಟಾಕ್ ಇಡುವುದಿಲ್ಲ, ಆರ್ಡರ್ ಬಂದ ಮೇಲೆಯೇ ತರಿಸುತ್ತಾರೆ.

ಹಾಗಾಗಿ ಬಾಯಿಮಾತಿನ ಆರ್ಡರ್ ಬೇಡ. ಚಾಸಿ ನಂಬರ್ ಪೂರ್ತಿ ಕೊಡಿ, ಡಬ್ಬಿ ಮೇಲಿನ ಲೇಬಲ್ ಒರೆಸಿ ಫೋಟೊ ಕೊಡಿ. ಕ್ಯಾಟಲಿಸ್ಟಿನ ಮುಂದಿನ ಸೆನ್ಸರೋ ಹಿಂದಿನದೋ ಸ್ಪಷ್ಟ ಬರೆಸಿ, ಎರಡರ ನಂಬರ್ ಬೇರೆ. ಹಳೆ ನಂಬರ್ ನಿಂತುಹೋಗಿ ಹೊಸ ನಂಬರ್ ಬಂದಿದೆಯಾ ಎಂದು ಕೇಳಿ. ಎಷ್ಟೋ ಸಲ "ಸ್ಟಾಕ್ ಇಲ್ಲ" ಅನ್ನುವುದು ಹಳೆ ನಂಬರಿಗೆ ಮಾತ್ರ. ಗಾಡಿ ನಿಂತಿದೆ ಅಂತ ತುರ್ತು ಆರ್ಡರ್ ಹಾಕಿಸಿ, ಆರ್ಡರ್ ನಂಬರ್ ಬರೆದುಕೊಳ್ಳಿ. ಹುಬ್ಬಳ್ಳಿ, ಕರ್ನೂಲು, ಹೈದರಾಬಾದ್ ಡೀಲರ್‌ಗಳ ಸ್ಟಾಕನ್ನು ಕಂಪ್ಯೂಟರಿನಲ್ಲೇ ನೋಡಿಸಿ. ಮುಂಗಡ ಕಟ್ಟುವ ಮೊದಲು ವಾರಂಟಿ ಪುಸ್ತಕದಲ್ಲಿ ಎಮಿಷನ್ ಪಾರ್ಟ್‌ಗಳ ಅವಧಿ ಓದಿ.

ಗುಜರಿಯಿಂದ ತಂದ ಸೆನ್ಸರ್ ಬೇಡವೇ ಬೇಡ. ಮಳೆಯಲ್ಲಿ ನೆಂದ ಸೆರಾಮಿಕ್ ಬಿಸಿಯಾದ ಕೂಡಲೇ ಬಿರುಕು ಬಿಡುತ್ತದೆ. ಹೊಸದು ಕೂಡಿಸುವಾಗ ಥ್ರೆಡ್ ಸ್ವಚ್ಛ ಇರಲಿ. ಎಂ20 ಥ್ರೆಡ್ಡಿಗೆ ಸಾಮಾನ್ಯವಾಗಿ 50 ನ್ಯೂಟನ್ ಮೀಟರ್ ಟಾರ್ಕ್. ತುದಿಗೆ ಗ್ರೀಸ್, ಸ್ಪ್ರೇ ಏನೂ ತಾಗಬಾರದು. ಕೊನೆಗೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ ರೀಸೆಟ್ ಮಾಡಿಸಿ. ಅದನ್ನು ಬಿಟ್ಟರೆ ಹೊಸ ಸೆನ್ಸರಿಗೂ ಹಳೆ ಲೆಕ್ಕವೇ ನಡೆಯುತ್ತದೆ.

ಕೊಪ್ಪಳ, ಗಾಡಿ ಕಾಗದಪತ್ರ ಮಾಡಿಸುವವರು

ಡಿಪಿಎಫ್ ತೆಗೆಸುವ ಮಾತಿಗೆ ಮಾತ್ರ ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಹೊಗೆಗೆ 190(2)ರಲ್ಲಿ ₹10,000 ತನಕ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹ. ಇದು ಮಾಲೀಕನ ತಲೆಗೇ ಬರುತ್ತದೆ, ಸಾಫ್ಟ್‌ವೇರ್ ಹಾಕಿದವನ ತಲೆಗಲ್ಲ. ಮಿಲ್ಲಿನಲ್ಲಿ ದಿನವಿಡೀ ನಿಮ್ಮ ಗಾಡಿಯ ಹಿಂದೆ ನಿಂತು ಚೀಲ ಹೊರುವ ಹಮಾಲರು ಆ ಹೊಗೆ ಕುಡಿಯಬೇಕಾಗುತ್ತದೆ, ಅದನ್ನೂ ಯೋಚಿಸಿ.

ಕಾರಟಗಿಯಿಂದ ಮತ್ತೆ

ಎಲ್ಲರಿಗೂ ವಂದನೆ. ಕೋಡ್‌ಗಳು: ಪಿ2453, ಪಿ2463, ಯು029ಇ. ಎಂಜಿನ್ ನಿಂತಾಗ ಒತ್ತಡ 17 ಮಿಲಿಬಾರ್. ಬಿಳಿ ಬಟ್ಟೆಗೆ ಮಸಿ ಹತ್ತಲಿಲ್ಲ. ಆಯಿಲ್ ಮ್ಯಾಕ್ಸ್‌ಗಿಂತ ಅರ್ಧ ಬೆರಳು ಮೇಲಿದೆ.

ಸಿರುಗುಪ್ಪ, ಡೀಸೆಲ್ ಮೆಕ್ಯಾನಿಕ್

ಹಂಗಾದ್ರೆ ಹೊಸ ಡಿಪಿಎಫ್ ಆರ್ಡರ್ ಈಗಲೇ ನಿಲ್ಲಿಸ್ರಿ. ಬಟ್ಟೆ ಬಿಳಿ ಐತೆ ಅಂದ್ರೆ ಫಿಲ್ಟರ್ ಒಡೆದಿಲ್ಲ. ಮೊದಲು ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸ್ರಿ. ಆಮೇಲೆ ಒತ್ತಡದ ಸೆನ್ಸರ್, ಎರಡೂ ಕೊಳವೆ ಹೊಸದು ಹಾಕಿ ಸೊನ್ನೆ ಲರ್ನಿಂಗ್ (ಹೊಸ ಸೆನ್ಸರಿನ ಸೊನ್ನೆ ಇಸಿಯುಗೆ ಕಲಿಸೋದು) ಮಾಡಿಸ್ರಿ. ಈಗ ಮಸಿಯ ನಿಜವಾದ ಲೆಕ್ಕ ಬರ್ತದೆ. ಮಿತಿ ಒಳಗೆ ಇದ್ರೆ ರೀಜನರೇಷನ್, ದಾಟಿದ್ರೆ ಬಿಚ್ಚಿ ಕ್ಲೀನಿಂಗ್. ರೀಜನರೇಷನ್ ಆದ ಮೇಲೆ ಆಯಿಲ್ ಮಟ್ಟ ಮತ್ತೆ ನೋಡ್ರಿ.

ಯು029ಇ ಅಂದ್ರೆ ಹಿಂದಿನ ನಾಕ್ಸ್ ಸೆನ್ಸರ್ ಇಸಿಯು ಜೊತೆ ಮಾತಾಡ್ತಿಲ್ಲ ಅಂತ. ಸೆನ್ಸರ್ ಸತ್ತೈತೆ ಅಂತ ಇನ್ನೂ ಗೊತ್ತಾಗಿಲ್ಲ. ಫ್ಯೂಸ್ ನೋಡ್ರಿ. ಕನೆಕ್ಟರ್ ಬಿಚ್ಚಿ, ಕೀ ಆನ್ ಇಟ್ಟು ಮೀಟರ್ ಹಿಡೀರಿ: ಒಂದು ಪಿನ್ನಿಗೆ ಬ್ಯಾಟರಿ ವೋಲ್ಟೇಜ್, ಒಂದಕ್ಕೆ ಗ್ರೌಂಡ್ ಬರಬೇಕು. ಬ್ಯಾಟರಿ ಕಳಚಿ ಉಳಿದ ಎರಡು ಕ್ಯಾನ್ ವೈರಿನ (ಸೆನ್ಸರ್, ಇಸಿಯು ಮಾತಾಡೋ ಲೈನ್) ನಡುವೆ ಅಳೆದ್ರೆ ಸುಮಾರು 60 ಓಮ್. 120 ಬಂದ್ರೆ ಲೈನ್ ಎಲ್ಲೋ ಕಟ್ ಆಗೈತೆ. ಮಿಲ್ಲಿನಾಗೆ ರಾತ್ರಿ ನಿಲ್ಲೋ ಗಾಡಿಗೆ ಇಲಿ ಕಾಟ ಜಾಸ್ತಿ, ಚಾಸಿ ಒಳಮಗ್ಗುಲು ವೈರಿನ ಟೇಪ್ ಉದ್ದಕ್ಕೂ ಬೆರಳಾಡಿಸಿ ನೋಡ್ರಿ. ಕಡಿದಿದ್ರೆ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಏರಿಸಿ, ಕ್ಯಾನ್ ಜೋಡಿ ವೈರ್ ಮೊದಲಿನಂಗೇ ಹೊಸೆದು ಬಿಡ್ರಿ. ಇಷ್ಟೆಲ್ಲ ಸರಿ ಇದ್ದೂ ಕೋಡ್ ಬಂದ್ರೆ ಸೆನ್ಸರ್ ಆರ್ಡರ್ ಕೊಡ್ರಿ, ಹಿಂದಿನದು ಒಂದೇ.