ಅಪ್ಪನ ಅಂಗವಿಕಲ ವೇತನ ಮಾಡಿಸಲು ಐದು ಸಾವಿರ ಕೇಳುತ್ತಿದ್ದಾರೆ, ಕೊಡಬೇಕಾ?

ನಾಪೋಕ್ಲು ಕಡೆಯ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ತೋಟದ ಕೂಲಿ ಕಾರ್ಮಿಕರು. ಹೋದ ಮಾರ್ಚ್‌ನಲ್ಲಿ ಕರಿಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಆನಿಸಿದ್ದ ಒಂಟಿ ಬಿದಿರಿನ ಏಣಿ ಜಾರಿತು. ಬೆನ್ನುಮೂಳೆಗೆ ಪೆಟ್ಟು. ಮೈಸೂರಿನಲ್ಲಿ ಆಪರೇಷನ್ ಆಯಿತು. ಈಗ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಅಮ್ಮ ಒಬ್ಬಳೇ ನೋಡಿಕೊಳ್ಳುತ್ತಾಳೆ. ನಾನು ಮಡಿಕೇರಿಯಲ್ಲಿ ಅಂಗಡಿ ಕೆಲಸಕ್ಕೆ ಹೋಗುತ್ತೇನೆ. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ.

ಪರಿಚಯದ ಒಬ್ಬರು ಐದು ಸಾವಿರ ಕೊಟ್ಟರೆ ಅಂಗವಿಕಲರ ಕಾರ್ಡ್, ವೇತನ ಎರಡನ್ನೂ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಂಗವೈಕಲ್ಯದ ಪರ್ಸೆಂಟೇಜ್ ಕೂಡ ಜಾಸ್ತಿ ಹಾಕಿಸುತ್ತಾರಂತೆ. ನಮಗೆ ಕಚೇರಿ ಓಡಾಟ ಗೊತ್ತಿಲ್ಲ. ದುಡ್ಡು ಕೊಟ್ಟು ಮಾಡಿಸುವುದೇ ಒಳ್ಳೆಯದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಶಾಲನಗರದಿಂದ ಒಬ್ಬರು:

ಕೊಡಬೇಡಿ ತಂಗಿ. ಪರ್ಸೆಂಟೇಜ್ ಹಾಕುವುದು ಡಾಕ್ಟರ್. ಜಾಸ್ತಿ ಹಾಕಿಸುತ್ತೇನೆ ಎನ್ನುವವರ ಹತ್ತಿರ ಆಧಾರ್ ನಕಲು ಕೂಡ ಕೊಡಬೇಡಿ.

ಸುಂಟಿಕೊಪ್ಪದ ತಾಯಿ:

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಈಗ ಹದಿನಾಲ್ಕು ವರ್ಷ. ಅವನಿಗೆ ಎಂಟು ವರ್ಷ ಆದಾಗ ನಾನೂ ಒಬ್ಬರಿಗೆ ಆರು ಸಾವಿರ ಕೊಟ್ಟೆ. ಅದಕ್ಕೆ ಕಿವಿಯ ಓಲೆ ಅಡ ಇಟ್ಟಿದ್ದೆ. ಆತ ಮಾಡಿದ್ದು ಇಷ್ಟೇ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದ, ಅದರಲ್ಲೂ ಮಗನ ಇನಿಷಿಯಲ್ ಆಧಾರ್‌ನಲ್ಲಿ ಇದ್ದಂತೆ ಹಾಕಲಿಲ್ಲ. ಅರ್ಜಿ ನಿಂತುಹೋಯಿತು. ಕೇಳಿದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದ. ಒಂದು ಮಳೆಗಾಲ ಪೂರ್ತಿ ಹಾಗೇ ಕಳೆಯಿತು.

ಆಮೇಲೆ ಅಂಗನವಾಡಿ ಟೀಚರ್ ಹೇಳಿದರು, ನಿಮ್ಮ ಪಂಚಾಯತಿಯಲ್ಲೇ ವಿಆರ್‌ಡಬ್ಲ್ಯು ಇದ್ದಾರಲ್ಲ ಎಂದು. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇಂಥ ಅರ್ಜಿಗಳಿಗೆ ಸಹಾಯ ಮಾಡುವುದೇ ಅವರ ಕೆಲಸ, ಗೌರವಧನ ಸರ್ಕಾರ ಕೊಡುತ್ತದೆ. ನಾವು ಒಂದು ರೂಪಾಯಿ ಕೊಡಬೇಕಿಲ್ಲ. ಪಂಚಾಯತಿಗೆ ಎಷ್ಟು ಸಲ ಹೋಗಿದ್ದೆ, ಯಾರೂ ನನಗೆ ಹೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರು ಮನೆಗೆ ಬಂದ ದಿನ ಜೋರು ಮಳೆ. ಅವರಿಗೇ ಒಂದು ಕಾಲಿಗೆ ಪೋಲಿಯೊ. ಹಿಂದೆ ಎರಡು ಚಕ್ರ ಜಾಸ್ತಿ ಹಾಕಿಸಿದ ಸ್ಕೂಟರ್‌ನಲ್ಲಿ ಬಂದರು. ಪೇಪರ್‌ಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರೇನ್‌ಕೋಟ್ ಒಳಗೆ, ಎದೆಗೆ ಒತ್ತಿಕೊಂಡು ತಂದಿದ್ದರು. ಜಗಲಿಯಲ್ಲಿ ಕೂತು ಮೊದಲು ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ನ ಬೆಲ್ಟ್ ಸಡಿಲ ಮಾಡಿಕೊಂಡರು. ಆಮೇಲೆ ಒಂದೊಂದೇ ಕೇಳಿದರು. ಮಗ ಲೋಟ ಹಿಡಿಯುತ್ತಾನಾ? ರಾತ್ರಿ ಮಗ್ಗುಲು ಬದಲಾಯಿಸಲು ಯಾರನ್ನಾದರೂ ಕರೆಯುತ್ತಾನಾ? ಬಟ್ಟೆ ಯಾರು ಹಾಕುತ್ತಾರೆ? ಅಲ್ಲಿಯವರೆಗೆ ಆ ಪ್ರಶ್ನೆಗಳನ್ನು ನನಗೆ ಯಾರೂ ಕೇಳಿರಲಿಲ್ಲ. ಎಲ್ಲವನ್ನೂ ನೋಟ್‌ಬುಕ್‌ನ ಒಂದು ಹಾಳೆಯಲ್ಲಿ ಬರೆಸಿದರು. ಡಾಕ್ಟರ್ ಮುಂದೆ ಗಾಬರಿ ಆಗಿ ಮರೆತುಬಿಡುತ್ತೀರಿ, ಇದನ್ನು ಕೈಯಲ್ಲಿ ಇಟ್ಟುಕೊಳ್ಳಿ ಎಂದರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ನಿಮ್ಮ ಅಪ್ಪನಿಗೂ ಹಾಗೇ ಮಾಡಿ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಕಾರ್ಡ್, ಆಮೇಲೆ ವೇತನ. ಕಾರ್ಡ್‌ಗೆ ಸ್ವಾವಲಂಬನ್ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬೇಕು, ವಿಆರ್‌ಡಬ್ಲ್ಯು ಹಾಕಿಕೊಡುತ್ತಾರೆ. ಆಮೇಲೆ ಡಾಕ್ಟರ್ ತಪಾಸಣೆ. ಅದು ಯಾವ ದಿನ, ಎಲ್ಲಿ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಲಗಿದವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಇವತ್ತಲ್ಲ ಎನ್ನಿಸಿಕೊಂಡು ವಾಪಸ್ ಬರುವ ಸಂಕಟ ನಿಮಗೆ ಬೇಡ. ಅಪ್ಪನ ಪೈಪಿನ ವಿಷಯ ಮುಚ್ಚಿಡಬೇಡಿ. ಮೂತ್ರದ ತೊಂದರೆಯೂ ಲೆಕ್ಕಕ್ಕೆ ಬರುತ್ತದೆ. ನಾಚಿಕೆಯಿಂದ ಅದನ್ನು ಹೇಳದೆ ಬರುವವರು ಇದ್ದಾರೆ.

ಅಂಗವೈಕಲ್ಯ ಶೇಕಡಾ 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, 75ಕ್ಕಿಂತ ಜಾಸ್ತಿ ಇದ್ದರೆ 1,400. ಅಂದರೆ 1,400 ಸಿಕ್ಕರೂ ನೀವು ಆತನಿಗೆ ಕೊಡುವ ಐದು ಸಾವಿರ ಅಪ್ಪನ ಮೂರೂವರೆ ತಿಂಗಳ ದುಡ್ಡು. ಆ ದುಡ್ಡು ಖರ್ಚು ಮಾಡಲೇಬೇಕು ಎಂದರೆ ಮೈಸೂರಿನ ನರರೋಗ ಡಾಕ್ಟರ್ ಹತ್ತಿರ ಈಗಿನ ಸ್ಥಿತಿ ಬರೆಸಿಕೊಂಡು ಬರಲು ಮಾಡಿ. ಅದು ನಿಜವಾಗಿ ಉಪಯೋಗಕ್ಕೆ ಬರುವ ಕಾಗದ.

ವೇತನದ ಅರ್ಜಿ ನಾಡಕಚೇರಿಯಲ್ಲಿ ಕೊಡುವುದು. ನಿಮಗೆ ನಾಪೋಕ್ಲುವಿನಲ್ಲೇ ಇದೆ. ಕೊಟ್ಟ ತಕ್ಷಣ ಸಕಾಲ ನಂಬರ್ (ಅರ್ಜಿಯ ನಂಬರ್) ಇರುವ ಚೀಟಿ ಕೇಳಿ ಪಡೆಯಿರಿ. ಅದು ಕೈಯಲ್ಲಿದ್ದರೆ ಅರ್ಜಿ ಎಲ್ಲಿಗೆ ಬಂತು ಎಂದು ನೀವೇ ನೋಡಬಹುದು. ನನ್ನ ಆರು ಸಾವಿರದ ಮನುಷ್ಯ ಆ ಚೀಟಿಯನ್ನು ನನಗೆ ಕೊನೆಗೂ ತೋರಿಸಲಿಲ್ಲ.

ಮಡಿಕೇರಿಯ ವಕೀಲೆ:

ಮೇಲಿನವರು ಹೇಳಿದ್ದು ಸರಿ. ಅರ್ಜಿಗೆ ವಕೀಲರು ಬೇಡ. ಆದರೆ ಎರಡು ಕಡೆ ಬೇಕಾಗಬಹುದು.

ಒಂದು, ಪರ್ಸೆಂಟೇಜ್ ತೀರಾ ಕಡಿಮೆ ಬಂದರೆ ಅಥವಾ ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿ ತಿರಸ್ಕಾರ ಆದರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಇನ್ನೊಂದು ನಿಮ್ಮ ವಿಷಯದಲ್ಲಿ ಮುಖ್ಯ. ಅಪ್ಪ ಬಿದ್ದದ್ದು ಕೆಲಸ ಮಾಡುವಾಗ, ಅಲ್ವಾ? ಹಾಗಿದ್ದರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಬೇರೆಯೇ ಇದೆ. ಅದಕ್ಕೂ ವೇತನಕ್ಕೂ ಸಂಬಂಧ ಇಲ್ಲ. ಅದಕ್ಕೆ ಕಾಲಮಿತಿ ಇದೆ, ಆದ್ದರಿಂದ ಮುಂದೂಡಬೇಡಿ. ತೋಟದಲ್ಲಿ ಸಹಿ ಮಾಡಿ ಎಂದು ಯಾವ ಕಾಗದ ಕೊಟ್ಟರೂ ಓದಿಸದೆ ಸಹಿ ಹಾಕಬೇಡಿ.

ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಎಂದು ನೋಡುವುದಿಲ್ಲ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಬರಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ನಾಪೋಕ್ಲು ಕಡೆಯ ಮಗಳು:

ತುಂಬಾ ಥ್ಯಾಂಕ್ಸ್. ಪೈಪಿನ ವಿಷಯ ನಾವೂ ಹೇಳಬಾರದು ಎಂದೇ ಅಂದುಕೊಂಡಿದ್ದೆವು. ವೇತನ ಮತ್ತು ಪರಿಹಾರ ಬೇರೆ ಬೇರೆ ಎಂದೂ ಗೊತ್ತಿರಲಿಲ್ಲ. ಪಂಚಾಯತಿಗೆ ಫೋನ್ ಮಾಡಿದೆ, ನಮ್ಮ ವಿಆರ್‌ಡಬ್ಲ್ಯು ಶುಕ್ರವಾರ ಲೈನ್ ಮನೆಗೇ ಬರುತ್ತಾರಂತೆ. ಆಸ್ಪತ್ರೆಯ ಪೇಪರ್ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು, ಆದರೆ ಡಿಸ್ಚಾರ್ಜ್ ಸಮರಿಯ ಎರಡನೇ ಪುಟ ಇಲ್ಲ. ಏನು ಮಾಡಲಿ?

ಸುಂಟಿಕೊಪ್ಪದ ತಾಯಿ:

ಮೊದಲ ಪುಟದ ಮೇಲೆ ಐಪಿ ನಂಬರ್, ಅಂದರೆ ಒಳರೋಗಿ ನಂಬರ್ ಇರುತ್ತದೆ ನೋಡಿ. ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಆ ನಂಬರ್ ಹೇಳಿ ಅರ್ಜಿ ಕೊಟ್ಟರೆ ನಕಲು ಕೊಡುತ್ತಾರೆ. ಅಪ್ಪನ ಸಹಿ ಇರುವ ಒಂದು ಪತ್ರ, ಅವರ ಆಧಾರ್, ನಿಮ್ಮ ಆಧಾರ್ ತೆಗೆದುಕೊಂಡು ಹೋಗಿ. ಶುಕ್ರವಾರದ ಒಳಗೆ ಆ ನೋಟ್‌ಬುಕ್ ಹಾಳೆ ಬರೆದಿಡಿ. ಅಮ್ಮ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡುತ್ತಾರೆ ಎಂದು ಅವರನ್ನೇ ಕೇಳಿ ಬರೆಯಿರಿ.