ಪದಚರ್ಚೆ: ಜಿಪ್ಸಂ ಚಾವಣಿಯ ತೂತಿಗೆ ಹಾಕುವ ತೇಪೆ

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ,

ಇಲ್ಲಿನ ಹಾರ್ಡ್‌ವೇರ್ ಅಂಗಡಿಯೊಂದು ತನ್ನ ಗಿರಾಕಿಗಳಿಗೆ ಕೊಡಲೆಂದು, ಮನೆಯ ಫಾಲ್ಸ್ ಸೀಲಿಂಗಿನಲ್ಲಿ ಬಿದ್ದ ತೂತನ್ನು ಮನೆಯವರೇ ಮುಚ್ಚಿಕೊಳ್ಳುವ ಬಗೆಯನ್ನು ತಿಳಿಸುವ ಹಾಳೆಯೊಂದನ್ನು ಅಮೆರಿಕದ ಇಂಗ್ಲಿಷ್ ಮೂಲದಿಂದ ಕನ್ನಡಕ್ಕೆ ತರುವ ಕೆಲಸವನ್ನು ನನಗೆ ವಹಿಸಿದೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ‘ಡ್ರೈವಾಲ್’ (ಅಂದರೆ ಜಿಪ್ಸಂ ಬೋರ್ಡು) ಎಂಬುದನ್ನು ‘ಒಣಗೋಡೆ’ ಎಂದುಕೊಂಡು ಹೊರಟೆ. ಎರಡನೆಯ ಸಾಲಿನಲ್ಲೇ ‘ಒಣಗೋಡೆಯ ಚಾವಣಿ’ ಎಂದು ಬರೆಯಬೇಕಾಗಿ ಬಂದು ಕೈ ನಿಂತಿತು. ‘ಪ್ಯಾಚ್’, ‘ಜಾಯಿಂಟ್ ಕಾಂಪೌಂಡ್’, ಅದು ‘ಸೆಟ್’ ಆಗುವುದು, ಅದರ ಅಂಚನ್ನು ‘ಫೆದರ್’ ಮಾಡುವುದು, ಇವಕ್ಕೂ ಓದಿದ ಕೂಡಲೇ ತಿಳಿಯುವ ಮಾತು ಬೇಕಾಗಿದೆ. ದಯವಿಟ್ಟು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಉತ್ತರ (ಚಿತ್ರದುರ್ಗದಿಂದ, ನಿವೃತ್ತ ಅಧ್ಯಾಪಕರು)

‘ಒಣಗೋಡೆ’ಯನ್ನು ಚರ್ಚಿಸುವ ಅಗತ್ಯವಿಲ್ಲ. ‘ಚಾವಣಿ’ಯೂ ನಮ್ಮದಲ್ಲ, ಹಿಂದಿ–ಮರಾಠಿಗಳ ಕಡೆಯಿಂದ ಬಂದದ್ದು. ಹಾಸು ಎಂಬುದರಿಂದ ಹಾಸಿಗೆ ಆದಂತೆ ಮುಚ್ಚು ಎಂಬುದರಿಂದ ‘ಮುಚ್ಚಿಗೆ’ ಆಗಿದೆ. ತಲೆಯ ಮೇಲಿನ ಒಳಹೊದಿಕೆಗೆ ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ಜಿಪ್ಸಂ ಎಂಬ ಖನಿಜಕ್ಕೆ ಆಯುರ್ವೇದದಲ್ಲಿ ‘ಗೋದಂತಿ’ ಎಂಬ ಹೆಸರಿದೆ. ‘ಗೋದಂತಿ ಹಲಗೆ’ ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆತು ಅರಿಸಮಾಸವಾಗುವುದರಿಂದ ‘ಗೋದಂತಿಫಲಕ’ ಎಂದೇ ಬರೆಯತಕ್ಕದ್ದು. ಸಂದಿಗೆ ಮೆತ್ತುವ ವಸ್ತುವಿಗೆ ‘ಗಿಲಾವು’ ಎಂಬ ಅಚ್ಚಗನ್ನಡ ಪದವಿರುವಾಗ ಕಾಂಪೌಂಡಿನ ಹಂಗೇಕೆ? ‘ತೇಪೆ’ ಬಟ್ಟೆಗೆ ಸಲ್ಲುತ್ತದೆ, ಮುಚ್ಚಿಗೆಗಲ್ಲ.

ಉತ್ತರ (ದಾವಣಗೆರೆಯಿಂದ, ಕಟ್ಟಡ ಕೆಲಸದ ಉಸ್ತುವಾರಿಯಲ್ಲಿರುವವರು)

ಗುರುಗಳ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ‘ಗಿಲಾವು’ ಅಚ್ಚಗನ್ನಡವಲ್ಲ. ಪಾರಸಿಯಲ್ಲಿ ‘ಗಿಲ್’ ಎಂದರೆ ಮಣ್ಣು, ‘ಆಬ್’ ಎಂದರೆ ನೀರು. ಹಿಂದಿಯ ‘ಗಿಲಾವಾ’ ಕೂಡ ಇದೇ ಬಳಗದ್ದು. ಚಾವಣಿಗೆ ಹೊರಗಿನದೆಂಬ ಕಾರಣಕ್ಕೆ ಬಾಗಿಲು ಹಾಕಿ ಗಿಲಾವನ್ನು ಒಳಮನೆಯಲ್ಲಿ ಕೂರಿಸಿಕೊಳ್ಳುವುದಾದರೆ, ಇದು ತತ್ತ್ವದ ಮಾತಲ್ಲ, ರೂಢಿಯ ಮಾತು. ರೂಢಿಯೇ ಅಳತೆಗೋಲಾದರೆ ಜಿಪ್ಸಂ ಬೋರ್ಡಿಗೂ ಅದೇ ನ್ಯಾಯ ಸಲ್ಲಬೇಕು. ಅರಿಸಮಾಸದ ಭಯವೂ ಇಲ್ಲಿ ಬೇಕಾಗಿಲ್ಲ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗಳಿಗೆ ಅದನ್ನು ಬಿಟ್ಟುಕೊಟ್ಟಿರುವಾಗ ಹಾರ್ಡ್‌ವೇರ್ ಅಂಗಡಿಯ ಹಾಳೆಗೆ ಬಿಟ್ಟುಕೊಡಲಾರನೇ?

‘ಮುಚ್ಚಿಗೆ’ ಚಂದದ ಪದ, ಆದರೆ ಮಲೆನಾಡಿನವರು ಅದನ್ನು ಕೇಳಿದರೆ ಮರದ ಹಲಗೆ ಹೊಡೆದ ಒಳಚಾವಣಿಯನ್ನು ನೆನೆಯುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ತಲೆಯ ಮೇಲಿರುವುದು ಮಾಳಿಗೆ. ‘ಮಾಳಿಗೆ ಸೋರುತ್ತಿದೆ, ಮುಚ್ಚಿ’ ಎಂದು ಅಚ್ಚು ಹಾಕಿಸಿದರೆ ಚಳ್ಳಕೆರೆ ಕಡೆಯ ಹಿರಿಯರು ಮಾಳಿಗೆಗೆ ಹೊದಿಸುವ ಕರಲು ಮಣ್ಣಿನ ಬುಟ್ಟಿ ಹೊತ್ತು ಮೇಲೆ ಹತ್ತಿಯಾರು. ಆದ್ದರಿಂದ ‘ಜಿಪ್ಸಂ ಚಾವಣಿ’ ಎಂದು ಬರೆದು, ಮೊದಲ ಸಲ ಬಂದಾಗ ಮಾತ್ರ ‘ಅಂದರೆ ಫಾಲ್ಸ್ ಸೀಲಿಂಗ್’ ಎಂದು ಸೇರಿಸಿದರೆ ಸಾಕು. ಜನ ಇದನ್ನು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎಂದೂ ಕರೆಯುತ್ತಾರೆ. ಎರಡು ಕಾಗದಗಳ ನಡುವೆ ಜಿಪ್ಸಂ ತುಂಬಿದ, ಸಾಮಾನ್ಯವಾಗಿ 12.5 ಮಿಲಿಮೀಟರ್ ದಪ್ಪದ ಬೋರ್ಡೇ ಬೇರೆ, ಜಾಗದಲ್ಲೇ ಕಲಸಿ ಮೆತ್ತುವ ಪಿಒಪಿಯೇ ಬೇರೆ. ಆ ಹೆಸರನ್ನು ಬೋರ್ಡಿಗೆ ಹಚ್ಚಬಾರದು. ‘ಸುಣ್ಣದ ಹಲಗೆ’ ಎಂದು ಯಾರಾದರೂ ಸೂಚಿಸಿದರೆ ಅದನ್ನೂ ಕೈಬಿಡಿ, ಸುಣ್ಣದ ರಸಾಯನವೇ ಬೇರೆ.

ಹೆಸರುಗಳ ವಿಷಯದಲ್ಲಿ ನನಗೆ ಇಷ್ಟೇ ಆಸಕ್ತಿ. ಓದುಗರ ಕೈ ಕೆಡುವುದು ಕ್ರಿಯಾಪದದಲ್ಲಿ, ಮತ್ತು ಈ ಹಾಳೆಯಲ್ಲಿ ಅಂಥ ತಾಣಗಳು ಮೂರಿವೆ.

ಮೊದಲನೆಯದು ‘ಪ್ಯಾಚ್’. ಇಂಗ್ಲಿಷಿನವರು ಎರಡು ಬೇರೆ ಕೆಲಸಗಳಿಗೆ ಈ ಒಂದೇ ಮಾತನ್ನು ಬಳಸುತ್ತಾರೆ. ತೂತು ಅಂಗೈಗಿಂತ ಚಿಕ್ಕದಾಗಿದ್ದರೆ ಅಂಟಿರುವ ಜಾಲರಿಯ ತುಂಡನ್ನು ಕೆಳಗಿನಿಂದ ಅದರ ಮೇಲೆ ಒತ್ತಿ, ಮೇಲೆ ಪುಟ್ಟಿ ಸವರುತ್ತೇವೆ. ಇದು ‘ತೇಪೆ ಹಚ್ಚುವುದು’. ತೂತು ದೊಡ್ಡದಾದರೆ ಅದರ ಹರಕು ಅಂಚನ್ನು ಚೌಕವಾಗಿ ಕತ್ತರಿಸಿ, ಪ್ಲೈವುಡ್ಡಿನ ಪಟ್ಟಿಯೊಂದನ್ನು ತೂತಿನೊಳಗಿನಿಂದ ಮೇಲೆ ತೂರಿಸಿ, ಉಳಿದ ಬೋರ್ಡಿನ ಮೂಲಕ ಎರಡೂ ಬದಿಗೆ ಸ್ಕ್ರೂ ಬಿಗಿದು, ಅಷ್ಟೇ ದಪ್ಪದ ಹೊಸ ತುಂಡನ್ನು ಆ ಪಟ್ಟಿಗೆ ಬಿಗಿಯುತ್ತೇವೆ; ಇದು ‘ತುಂಡು ಕೂರಿಸುವುದು’. ಎರಡಕ್ಕೂ ‘ತೇಪೆ ಹಚ್ಚಿ’ ಎಂದೇ ಬರೆದರೆ, ಆಧಾರವಿಲ್ಲದೆ ಪುಟ್ಟಿಯಲ್ಲೇ ನಿಂತ ತುಂಡು ಒಂದು ದಿನ ಊಟದ ಎಲೆಯ ಮೇಲೆ ಬೀಳುತ್ತದೆ. ರಸ್ತೆಗೆ, ತಾಡಪಾಲಿಗೆ ಹಾಕುವಾಗ ಒಪ್ಪಿದ ತೇಪೆಯನ್ನು ಚಾವಣಿಗೆ ಬೇಡವೆನ್ನುವುದು ನನಗೆ ತಿಳಿಯದು.

ಎರಡನೆಯದು ‘ಸೆಟ್’. ಅನುವಾದಗಳಲ್ಲಿ ಇದು ಸದಾ ‘ಒಣಗು’ ಆಗಿಬಿಡುತ್ತದೆ, ಅದು ತಪ್ಪು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಅದರ ಹರಳಿನಲ್ಲಿದ್ದ ನೀರಿನ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಕಲಸಿದಾಗ ಅದು ನೀರನ್ನು ಒಳಗೆಳೆದುಕೊಂಡು ಹರಳುಗಟ್ಟಿ ಬಿಗಿಯುತ್ತದೆ. ಪುಡಿಯಾಗಿ ಬರುವ, ಬಿಗಿಯುವ ಜಾತಿಯ ಕಾಂಪೌಂಡು ಹೀಗೆ ‘ಬಿಗಿಯುತ್ತದೆ’. ಬಕೆಟ್ಟಿನಲ್ಲಿ ಕಲಸಿಯೇ ಬರುವುದು ನೀರಾರಿ ‘ಒಣಗುತ್ತದೆ’, ಒಣಗುವಾಗ ಕುಗ್ಗುತ್ತದೆ. ಆಳವಾದ ಸಂದಿಗೆ ಮೊದಲನೆಯದೇ ಬೇಕು. ಗಾರೆ ಕೆಲಸದವರು ‘ಸಿಮೆಂಟ್ ಹಿಡಿಯಿತು’ ಎನ್ನುವುದನ್ನು ನೀವು ಕೇಳಿರುತ್ತೀರಿ. ‘ಹಿಡಿ’, ‘ಬಿಗಿ’ ಎರಡೂ ಸರಿ.

ಮೂರನೆಯದಾದ ‘ಫೆದರ್’ ಎಂಬಲ್ಲಿ ಗರಿಯ ಗೋಜಿಗೆ ಹೋಗಬೇಡಿ. ‘ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಅಗಲವಾಗಿ, ಅಂಚು ಕೈಗೆ ಸಿಗದಷ್ಟು ತೆಳುವಾಗಿ ಎಳೆಯಿರಿ’ ಎಂದರೆ ಮುಗಿಯಿತು.

ಅನುವಾದಕರು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ನಿಮ್ಮ ಮೂಲದಲ್ಲಿ ‘ಜಾಯಿಸ್ಟ್’ (ಅಂದರೆ ತೊಲೆ) ಎಂದಿರುತ್ತದೆ. ಅಮೆರಿಕದ ಮನೆಗಳಲ್ಲಿ ಬೋರ್ಡನ್ನು ಸಾಮಾನ್ಯವಾಗಿ 16 ಅಥವಾ 24 ಇಂಚಿಗೊಂದರಂತೆ ಇರುವ ಮರದ ತೊಲೆಗಳಿಗೇ ಬಿಗಿದಿರುತ್ತಾರೆ. ದಾವಣಗೆರೆಯ ಮನೆಯಲ್ಲಿ ಮೇಲಿರುವುದು ಆರ್‌ಸಿಸಿ. ಅದರಿಂದ ಇಳಿಬಿಟ್ಟ ಜಿಐ (ಸತು ಲೇಪಿಸಿದ ಕಬ್ಬಿಣದ) ಚಾನೆಲ್ಲಿಗೆ ಬೋರ್ಡು ಕೂತಿರುತ್ತದೆ. ‘ತೊಲೆಯನ್ನು ಹುಡುಕಿ’ ಎಂದು ಅಚ್ಚಾದರೆ ಓದುಗರು ಇಲ್ಲದ ತೊಲೆಯನ್ನು ತಟ್ಟಿ ತಟ್ಟಿ ಹುಡುಕಬೇಕಾಗುತ್ತದೆ.

ಉತ್ತರ (ಚಿತ್ರದುರ್ಗದಿಂದ)

ಗಿಲಾವಿನ ಪಾರಸಿ ಮೂಲ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ನುಡಿಯ ಹದಕ್ಕೆ ಬಾಗಿ ಉಕಾರಾಂತವಾದ ಮೇಲೆ ಅದು ಕನ್ನಡದ್ದೇ. ‘ಬೋರ್ಡ್’ ಇನ್ನೂ ಅರ್ಧ ವ್ಯಂಜನದಲ್ಲೇ ನಿಂತಿದೆ.

ಉತ್ತರ (ದಾವಣಗೆರೆಯಿಂದ, ಉಸ್ತುವಾರಿಯವರು)

ನಮ್ಮ ಕೆಲಸದವರ ಬಾಯಲ್ಲಿ ಅದು ‘ಬೋರ್ಡು’. ಉಕಾರ ಬಂದು ಬಹಳ ಕಾಲವಾಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಹೋಗುತ್ತಿರುವ ಮುಖ್ಯ ಭಾಗ ಹೀಗಿದೆ: “ಮೊದಲು ಸೋರಿಕೆಯಿದ್ದರೆ ಅದನ್ನು ನಿಲ್ಲಿಸಿ, ಮೇನ್ ಸ್ವಿಚ್ ಆರಿಸಿ, ಒಳಗೆ ವೈರು ಇದೆಯೇ ಎಂದು ನೋಡಿ. ತೂತನ್ನು ಚೌಕವಾಗಿ ಕತ್ತರಿಸಿ, ಹಿಂದೆ ಪಟ್ಟಿ ಕೊಟ್ಟು, ಜಿಪ್ಸಂ ಬೋರ್ಡಿನ ತುಂಡನ್ನು ಕೂರಿಸಿ. ಸ್ಕ್ರೂವಿನ ತಲೆ ಬೋರ್ಡಿನ ಕಾಗದವನ್ನು ಹರಿಯದೆ ಸ್ವಲ್ಪವೇ ಒಳಗಿಳಿಯಲಿ. ಸಂದಿಗೆ ಕಾಂಪೌಂಡ್ ಸವರಿ, ಅದು ಹಸಿಯಿರುವಾಗಲೇ ಕಾಗದದ ಟೇಪನ್ನು ಒತ್ತಿ. ಬಿಗಿದ ಮೇಲೆ ಇನ್ನೆರಡು ಪದರಗಳನ್ನು ಅಗಲವಾಗಿ, ಅಂಚು ಕೈಗೆ ಸಿಗದಷ್ಟು ತೆಳುವಾಗಿ ಎಳೆಯಿರಿ. ಪೂರ್ತಿ ಒಣಗಿದ ನಂತರ ಉಪ್ಪುಕಾಗದದಿಂದ ಉಜ್ಜಿ.” ‘ಮುಚ್ಚಿಗೆ’ಯನ್ನು ಶೀರ್ಷಿಕೆಯಲ್ಲಾದರೂ ಉಳಿಸಲು ನೋಡಿದೆ, ಅಂಗಡಿಯವರು ಒಪ್ಪಲಿಲ್ಲ.

ಉತ್ತರ (ಚಿತ್ರದುರ್ಗದಿಂದ)

‘ಉಪ್ಪುಕಾಗದ’ ಸರಿಯಾಗಿದೆ. ಉಳಿದದ್ದಕ್ಕೆ ನನ್ನ ಸಮ್ಮತಿಯಿತ್ತೆಂದು ಯಾರೂ ಎಲ್ಲಿಯೂ ಬರೆಯಕೂಡದು.