‘ಶೀಲ್ಡಿಂಗ್’: ಕವಚವೋ, ಹೊದಿಕೆಯೋ, ಮರೆಯೋ?

ಮಾನ್ಯರೇ,

ಗಿಟಾರಿನ ವಾಲ್ವ್ ಆಂಪ್ಲಿಫೈಯರನ್ನು ಸ್ವತಃ ಜೋಡಿಸಿಕೊಳ್ಳುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮರದ ಪೆಟ್ಟಿಗೆಯ ಒಳಮೈಗೆ ಅಂಟಿಸುವ ಲೋಹದ ಹಾಳೆಯ ವಿಷಯಕ್ಕೆ ಬಂದಾಗ ‘ಶೀಲ್ಡಿಂಗ್’ಗೆ (ಹೊರಗಿನ ವಿದ್ಯುತ್ ಕಾಟ ಒಳಹೊಕ್ಕು ಸ್ಪೀಕರು ಗುಂಯ್‌ಗುಡದಂತೆ ತಡೆಯುವುದಕ್ಕೆ) ಯಾವ ಪದ ಒಪ್ಪುತ್ತದೆಂದು ನಿರ್ಧರಿಸಲಾಗಲಿಲ್ಲ.

ಅಮೆರಿಕದ ಫೆಂಡರ್ ಕಂಪನಿಯ ಮಾದರಿಯ ಆಂಪ್ಲಿಫೈಯರುಗಳಲ್ಲಿ ಚಾಸಿ ಎಂಬುದು ಬಿಡಿಭಾಗಗಳನ್ನು ಕೂರಿಸುವ, ಒಂದು ಬದಿ ತೆರೆದಿರುವ ಉಕ್ಕಿನ ತೊಟ್ಟಿ. ಆ ತೆರೆದ ಬಾಯಿ 1950ರ ದಶಕದ ಟ್ವೀಡ್ ಮಾದರಿಗಳಲ್ಲಿ ಹಿಂಬದಿಯ ಹಲಗೆಗೂ, 1960ರ ದಶಕದ ಬ್ಲ್ಯಾಕ್‌ಫೇಸ್ ಮಾದರಿಗಳಲ್ಲಿ ಮೇಲಿನ ಹಲಗೆಗೂ ಎದುರಾಗಿರುತ್ತದೆ. ಹೊರಗಿನ ವಿದ್ಯುತ್ ಕ್ಷೇತ್ರವನ್ನು ಮರ ತಡೆಯುವುದಿಲ್ಲವಾದ್ದರಿಂದ, ಹಲಗೆಯ ಒಳಮೈಗೆ ಲೋಹದ ಹಾಳೆಯನ್ನೋ ತಂತಿಯ ಜಾಲರಿಯನ್ನೋ ಬಡಿದು, ಅದು ಚಾಸಿಯ ಅಂಚಿಗೆ ಒತ್ತಿಕೊಂಡು ಅರ್ಥ್ ಆಗುವಂತೆ (ನೆಲಸಂಪರ್ಕ ಪಡೆಯುವಂತೆ) ಮಾಡುತ್ತಾರೆ. ತೊಟ್ಟಿಗೆ ಮುಚ್ಚಳ ಬಿದ್ದಂತೆ.

ಮೊದಲ ಕರಡಿನಲ್ಲಿ ನಾನು ‘ಅಲ್ಯೂಮಿನಿಯಂ ಹೊದಿಕೆ ಹಾಕಿ’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುವಷ್ಟು ಅಚ್ಚುಕಟ್ಟಾಗಿ, ಅಡುಗೆಮನೆಯ ಫಾಯಿಲನ್ನು ನಾಲ್ಕು ತುಂಡು ಮಾಡಿ, ಅಂಚಿಗೆಲ್ಲ ಗೋಂದು ಸವರಿ ಅಂಟಿಸಿದರು. ಗುಂಯ್‌ಗುಟ್ಟುವಿಕೆ ಹಾಗೆಯೇ ಉಳಿಯಿತು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಅಕ್ಕಪಕ್ಕದ ತುಂಡುಗಳ ಮೇಲಿಟ್ಟರೆ ಬೀಪ್ ಇಲ್ಲ. ನಡುವಿನ ಗೋಂದು ಒಂದನ್ನೊಂದು ಮುಟ್ಟಗೊಟ್ಟಿರಲಿಲ್ಲ. ಅಂಚುಗಳನ್ನು ಮಡಚಿ ಲೋಹಕ್ಕೆ ಲೋಹ ತಾಗಿಸಿದ ಮೇಲಷ್ಟೇ ಸದ್ದು ಇಳಿಯಿತು. ತಪ್ಪು ಅವರದಲ್ಲ, ನನ್ನ ಪದದ್ದು. ಹೊದಿಕೆ ಮುಚ್ಚಿದರೆ ಸಾಕು, ಅದಕ್ಕೆ ಸಂಪರ್ಕದ ಹಂಗಿಲ್ಲ. (ಆ ಸದ್ದಿಗೆ ‘ಝೇಂಕಾರ’ ಎಂದು ಕೆಲವರು ಬರೆಯುವುದನ್ನು ಕಂಡಿದ್ದೇನೆ. ದುಂಬಿಗೂ ತಂಬೂರಿಗೂ ಸಲ್ಲುವ ಮಾತನ್ನು ಈ ಪೀಡೆಗೆ ಕೊಡಲು ಮನಸ್ಸಾಗದು.)

‘ಕವಚ’ ಸಿದ್ಧವಾಗಿಯೇ ಇರುವ ಪದ. ಆದರೆ ಶಾಲೆಯ ರಸಾಯನಶಾಸ್ತ್ರದಲ್ಲಿ ಎಲೆಕ್ಟ್ರಾನುಗಳಿರುವ ಕವಚಗಳಿಗೆ ಅದು ಸಂದುಹೋಗಿದೆ. ಅಲ್ಲದೆ ಕರ್ಣನ ಕವಚದಂತೆ ಎಲ್ಲವನ್ನೂ ತಡೆಯುತ್ತದೆಂಬ ಭರವಸೆಯನ್ನೂ ಅದು ಕೊಡುತ್ತದೆ. ಮನೆಯ ವಿದ್ಯುತ್ತಿನ 50 ಹರ್ಟ್ಸ್‌ನಲ್ಲಿ ತಾಮ್ರದ ‘ಸ್ಕಿನ್ ಡೆಪ್ತ್’ (ಏರಿಳಿಯುವ ಕ್ಷೇತ್ರ ಲೋಹದೊಳಗೆ ಇಳಿಯುವ ಆಳದ ಅಳತೆ) ಸುಮಾರು 9 ಮಿಲಿಮೀಟರ್ ಇರುವುದರಿಂದ, ಕಾಗದದಷ್ಟು ತೆಳುವಾದ ಹಾಳೆ ವಿದ್ಯುತ್ ಕ್ಷೇತ್ರವನ್ನು ತಡೆದರೂ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರಕ್ಕೆ ಇದ್ದೂ ಇಲ್ಲದಂತೆ. ಅದಕ್ಕೆ ದಪ್ಪ ಉಕ್ಕೋ, ನಿಕ್ಕಲ್ ಹೆಚ್ಚಿರುವ ಮ್ಯೂ-ಮೆಟಲ್ಲೋ ಬೇಕು. ಇಲ್ಲವೇ ಟ್ರಾನ್ಸ್‌ಫಾರ್ಮರನ್ನೇ ದೂರವಿಟ್ಟು, ತಿರುಗಿಸಿ ಕೂರಿಸಬೇಕು.

ನನ್ನ ಒಲವು ‘ಮರೆ’ಯ ಕಡೆಗಿದೆ. ಗಾಳಿಗೆ ದೀಪ ಆರದಂತೆ ಅಂಗೈಯನ್ನು ಮರೆ ಹಿಡಿಯುತ್ತೇವೆ: ಒಂದು ದಿಕ್ಕಿನಿಂದ ಬರುವ ಒಂದು ಬಗೆಯ ಕಾಟಕ್ಕೆ ಒಡ್ಡಿದ ಅಡ್ಡ, ಅಷ್ಟೇ. ‘ವಿದ್ಯುತ್ ಮರೆ’, ‘ಕಾಂತ ಮರೆ’ ಎಂದು ಎರಡನ್ನೂ ಬೇರ್ಪಡಿಸಬಹುದು. ಸಂಪರ್ಕದ ಅರ್ಥ ಇದರಲ್ಲಿಯೂ ತಾನಾಗಿ ಬರುವುದಿಲ್ಲವಾದ್ದರಿಂದ ‘ಅರ್ಥ್ ಮಾಡಿದ ಮರೆ’ ಎಂದೇ ಬರೆಯಬೇಕಾದೀತು. ತೊಡಕೆಂದರೆ, ‘ಮರೆಹಾಳೆಯನ್ನು ಮರೆಯಬೇಡಿ’ ಎಂಬಂಥ ವಾಕ್ಯ ನಗೆ ತರಿಸುತ್ತದೆ.

ಫಾಯಿಲ್‌ಗೆ ‘ಬೇಗಡೆ’ ಸಾಲದೇ ಎಂಬುದು ಎರಡನೆಯ ಪ್ರಶ್ನೆ. ಯಕ್ಷಗಾನದ ಮರದ ಆಭರಣಗಳಿಗೆ ಅಂಟಿಸುವ ಹೊಳಪಿನ ಹಾಳೆಗೆ ಅದೇ ಹೆಸರು, ಮರಕ್ಕೆ ಅಂಟಿಸುವ ಕೆಲಸವೂ ಒಂದೇ. ಬೆಸುಗೆ ಸುಲಭವಾಗಿ ಹಿಡಿಯುವ ‘ತಾಮ್ರದ ಬೇಗಡೆ’, ಮೇಲಿನ ಆಕ್ಸೈಡ್ ಪದರದಿಂದಾಗಿ ಬೆಸುಗೆಗೆ ಒಗ್ಗದೆ ಸ್ಕ್ರೂ ಬಿಗಿದೇ ಸಂಪರ್ಕ ಕೊಡಬೇಕಾದ ‘ಅಲ್ಯೂಮಿನಿಯಂ ಬೇಗಡೆ’ ಎಂದು ಬರೆದರೆ ನನ್ನ ಕಿವಿಗೆ ಹಿತವಾಗಿದೆ. ಆದರೆ ಬೇಗಡೆ ಎಂದೊಡನೆ ಬರೀ ಅಲಂಕಾರದ ಥಳುಕೇ ನೆನಪಾಗುತ್ತದೆಯೇ? ಕರಾವಳಿಯವರೂ ವಿದ್ಯುತ್ ಕೆಲಸ ಬಲ್ಲವರೂ ತಮ್ಮ ಬಳಕೆಯನ್ನು ತಿಳಿಸಿದರೆ ಉಪಕಾರವಾಗುತ್ತದೆ.